ಇಬ್ಬರೂ ಕೊಟ್ಟದ್ದು

ಹಾಸ್ಟೆಲ್, ಮಿರಜ
೧೩ ನವೆಂಬರ್ ೨೦೨೫

ನನ್ನ ಅವ್ವನಿಗೆ,

ನಾನು ಆರಾಮ ಇದ್ದೇನೆ ಅಂತ ಬರೆಯಬೇಕು, ಬರೆದೆ. ಫೋನ್ ಮಾಡಿದರೆ ಅಜ್ಜಿ ‘ಸ್ಪೀಕರ್ ಹಾಕ, ನಾನೂ ಕೇಳ್ತೀನಿ’ ಅನ್ನುತ್ತಾರೆ. ಸಲಗರೆಯ ನಮ್ಮ ಮನೆಯಲ್ಲಿ ಉಳಿದವರೆಲ್ಲ ಮರಾಠಿ ಓದಿದವರು, ಕನ್ನಡ ಓದುವವಳು ನೀನೊಬ್ಬಳೇ. ಅದಕ್ಕೇ ಈ ಕಾಗದ, ಊರಿಗೆ ಹೊರಟ ಗುರಲಿಂಗ ಕಾಕಾನ ಕೈಯಲ್ಲಿ. ಇಂಗ್ಲಿಷ್ ಶಾಲೆಯವಳ ಕನ್ನಡ, ತಪ್ಪಿದ್ದರೆ ನಕ್ಕುಬಿಡು.

ನರ್ಸಿಂಗ್ ಫಸ್ಟ್ ಇಯರಿನಲ್ಲಿ ಈಗ ಜೆನೆಟಿಕ್ಸ್ ನಡೆದಿದೆ. ಜೀನ್ ಅಂದರೆ ಹೆತ್ತವರಿಂದ ಬರುವ ಗುಣದ ಬೀಜ. ಜೋಡಿಯಾಗಿ ಬರುತ್ತದೆ, ಅಪ್ಪನದೊಂದು, ಅವ್ವನದೊಂದು. ಡಾಮಿನಂಟ್ ಆದರೆ ಒಂದೇ ಇದ್ದರೂ ಎದ್ದು ಕಾಣುತ್ತದೆ. ರಿಸೆಸಿವ್ ಆದರೆ ಒಂಟಿಯಿದ್ದಾಗ ಅಡಗಿ ಕೂತಿರುತ್ತದೆ. ಎರಡು ಕೂಡಿದರೇ ಕಾಯಿಲೆ. ಒಂದನ್ನು ಹೊತ್ತು ಆರಾಮಾಗಿ ಓಡಾಡುವವರು ಕ್ಯಾರಿಯರ್, ಅಂದರೆ ವಾಹಕರು. ಉದಾಹರಣೆಗೆ ಅಂತ ಸರ್ ಬೋರ್ಡಿನ ಮೇಲೆ ಥಲಸೇಮಿಯಾ ಎಂದು ಬರೆದರು. ನಾನು ಪೆನ್ ಕೆಳಗಿಟ್ಟೆ. ನಮ್ಮ ಪಂಕಜನ ಹೆಸರನ್ನೇ ಬರೆದ ಹಾಗಾಯಿತು.

ತಮ್ಮನಿಗೆ ರಕ್ತ ಹಾಕಿಸಲು ಇದೇ ಮಿರಜಿಗೆ ನೀನು ಎಷ್ಟು ಸಲ ಬಂದೆ. ಅವನು ಹೋದ ಮೇಲೆ ಅಜ್ಜಿ ಬಂದವರೆದುರು, ‘ಇಕೀ ಹೊಟ್ಟೀನ ಖೊಟ್ಟಿ. ನಮ್ಮ ಮನಿತನದಾಗ ಇಂಥಾದ್ದು ಇಲ್ಲ’ ಅನ್ನುತ್ತಿದ್ದರು. ನೀನು ಭಾಕರಿ ತಟ್ಟುತ್ತ ಸುಮ್ಮನಿರುತ್ತಿದ್ದೆ. ಅವ್ವಾ, ಅದು ಒಬ್ಬರಿಂದ ಬರುವುದಿಲ್ಲ. ಅಪ್ಪನೂ ವಾಹಕ. ತವರು ಬಿಡಬಾರದೆಂದು ಅಜ್ಜಿ ತಮ್ಮ ಒಡಹುಟ್ಟಿದ ತಮ್ಮನ ಮಗಳಾದ ನಿನ್ನನ್ನೇ ಸೊಸೆಯಾಗಿ ತಂದರಲ್ಲ, ಆ ಒಂದೇ ಮನೆಯದು ಎರಡು ದಾರಿ ಹಿಡಿದು ಬಂದು ಪಂಕಜನಲ್ಲಿ ಕೂಡಿರಬೇಕು.

ಈಗ ಸೋನಲಕ್ಕನನ್ನು ನಿನ್ನ ಅಣ್ಣನ ಮಗ ನೀಲೇಶನಿಗೇ ಕೊಡುತ್ತಿದ್ದೀರಿ. ಭಾನುವಾರ ನಿಶ್ಚಯ. ಪಂಕಜನಿಗಾಗಿ ರಕ್ತ ಕೊಡಲು ಹೋದ ನೀಲೇಶನನ್ನು ಹಿಮೋಗ್ಲೋಬಿನ್ ಕಮ್ಮಿ ಅಂತ ವಾಪಸ್ ಕಳಿಸಿದ್ದರು, ನೆನಪಿದೆಯೇ? ಮಾಮಾ, ‘ಏ ಪೈಲವಾನಾ, ಕುಡದ ಎಮ್ಮಿ ಹಾಲೆಲ್ಲಾ ಎಲ್ಲಿ ಹೋತೊ?’ ಅಂತ ಕಾಡಿಸಿದರು. ಪಂಕಜ ಮಂಚದಲ್ಲೇ ಬಿದ್ದು ಬಿದ್ದು ನಕ್ಕ. ಈಗ ಅದು ನಗುವ ಮಾತಲ್ಲ, ವಾಹಕರಿಗೂ ಹಿಮೋಗ್ಲೋಬಿನ್ ಕೊಂಚ ಕಮ್ಮಿ ಇರುತ್ತದಂತೆ.

ಸೀರೆ ಕೊಳ್ಳಲು ಬಂದಾಗ ಅಕ್ಕನೂ ನಾನೂ ಟೆಸ್ಟ್ ಮಾಡಿಸಿದೆವು. ಅಕ್ಕ ವಾಹಕಿ. ನಾನಲ್ಲ, ಬರೆಯಲೂ ನಾಚಿಕೆಯಾಗುತ್ತದೆ. ನೀಲೇಶನೂ ವಾಹಕನಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು ಪಾಲು ಇನ್ನೊಬ್ಬ ಪಂಕಜ. ಹೊಟ್ಟೆಯಲ್ಲಿದ್ದಾಗಲೇ ಪರೀಕ್ಷೆ ಮಾಡಿ ತೆಗೆಸಬಹುದು ಅಂದೆ. ‘ಜೀವಾ ತಗಸೂದು ನನ್ನ ಕಡೆಯಿಂದ ಆಗೂದಿಲ್ಲ’ ಅಂದಳು. ನೀಲೇಶನ ಟೆಸ್ಟ್ ಮೊದಲಾಗಲಿ ಅಂತ ಅಪ್ಪನಿಗೆ ಹೇಳು.

ನಿದ್ದೆಯಿಲ್ಲದ ನಿನ್ನ ಮಗಳು,
ಮೃಣಾಲ

ತಾ.ಕ.: ಮೇಲೆ ಒಂದು ಮುಚ್ಚಿಟ್ಟೆ. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ಆಗುತ್ತಿಲ್ಲ. ನೀಲೇಶ ಗುಟ್ಟಾಗಿ ಬಂದು ಟೆಸ್ಟ್ ಮಾಡಿಸಿಕೊಂಡಿದ್ದಾನೆ. ಅವನೂ ವಾಹಕ. ‘ಜಡ್ಡಿನ ಹೆಸರ ಎತ್ತಬ್ಯಾಡ. ನನ್ನ ತಂಗೀಗೂ ಗಂಡ ಸಿಗಬೇಕಲಾ? ಹುಡುಗಿ ಪಸಂದ ಇಲ್ಲ ಅಂತೀನಿ, ಮುಗೀತು’ ಅಂದ. ಭಾನುವಾರ ಅವನು ಹಾಗೆ ಅಂದ ಕೂಡಲೇ ಎಲ್ಲರೂ ಅಕ್ಕನ ಕಡೆ ತಿರುಗುತ್ತಾರೆ, ನಿನ್ನ ಕಡೆ ತಿರುಗಿದ್ದ ಹಾಗೆ. ಅಕ್ಕ ಸುಮ್ಮನಿರುತ್ತಾಳೆ, ನಿನ್ನ ಹಾಗೆ. ಅವ್ವಾ, ಅವನಿಗಿಂತ ಮೊದಲು ನೀನು ಬಾಯಿ ತೆರೆ.