ಡಬ್ಬಿಯ ಅಂಚಿನ ರಕ್ತ

ಜುಲೈ ೧೪, ಸೋಮವಾರ. ತ್ಯಾವಣಿಗೆ.

ಸಿಂಚನಾಳ ಊಟದ ಡಬ್ಬಿ ಎಷ್ಟು ಉಜ್ಜಿದರೂ ಅಂಚಿನ ರಕ್ತ ಹೋಗಲೊಲ್ಲದು. ಶಾಲೆ ಬೇಡವೆಂದು ಹಟ ಹಿಡಿದು, ಪಕ್ಕದ ಮನೆಯ ಈ ಹುಡುಗಿಗೆ ಮನೆಯಲ್ಲೇ ಪಾಠ ಹೇಳಿ, ಅವಳಿಷ್ಟದ ಇತಿಹಾಸವನ್ನೇ ಕೊಡಿಸಿ ಕಾಲೇಜಿಗೆ ಸೇರಿಸಿದವಳು ನಾನು. ಇವತ್ತು ಕಾಲೇಜಿನ ಮೆಟ್ಟಿಲ ಮೇಲೆ ಒಬ್ಬ ಅವಳ ಸೊಂಟಕ್ಕೆ ಕೈ ಹಾಕಿದ. ಇವಳು ಡಬ್ಬಿಯಿಂದ ಬಾಯಿಗೇ ಬಾರಿಸಿದಳು. ತುಟಿ ಸೀಳಿ ಹಲ್ಲು ಬಿತ್ತು.

ನಾಳೆ ಎಲ್ಲರೆದುರು ಇವಳೇ ಕ್ಷಮೆ ಕೇಳಬೇಕಂತೆ, ಇಲ್ಲವೇ ಪ್ರಿನ್ಸಿಪಾಲರು ಟಿ.ಸಿ. ಕೊಡುತ್ತಾರಂತೆ.

"ಸ್ಕೂಲಿಗೆ ಹೋಗಿದ್ರೆ ಸುಮ್ನಿರಾಕೆ ಕಲೀತಿದ್ಲು. ನೀನೇ ಕೆಡಿಸಿದ್ದು!" ಎಂದು ಅವಳಮ್ಮ ಗೌರಮ್ಮ ಕೂಗಾಡಿದರು.

"ಅಕ್ಕಾ, ಕೇಳ್ಬೇಕಾ?" ಎಂದಳು ಸಿಂಚನಾ.

"ಬ್ಯಾಡ," ಎಂದೆ.

ಅವಳು ಬಣ್ಣಿಸಿದ ಆ ಹಲ್ಲು ಮುರಿದ ಸದ್ದನ್ನು ನೆನೆದು ನೆನೆದು ಖುಷಿಪಡುತ್ತಿದ್ದೇನೆ. ನಾಳೆ ಪ್ರಿನ್ಸಿಪಾಲರ ಮುಂದೆ ನನಗೆ ಮಾತು ಹೊರಡದಿದ್ದರೆ ಈ ಡಬ್ಬಿಯನ್ನೇ ಮೇಜಿನ ಮೇಲಿಡುತ್ತೇನೆ. ಅದಕ್ಕೇ ಉಜ್ಜುವುದನ್ನು ಬಿಟ್ಟೆ.