ಹೆಣ್ಣಿಗೆ ಬಾರದ ರೋಗದಿಂದ ಸತ್ತ ನನ್ನ ಮಗಳು

ಜಿಲ್ಲೆಯ ರಕ್ತಸ್ರಾವ ರೋಗಿಗಳ ನೋಂದಣಿ ನೋಡಿಕೊಳ್ಳುವ ಮಾನ್ಯರೇ,

ನನ್ನ ಹಿರಿಯ ಮಗಳು ಅಂಬಿಕಾ ಕಳೆದ ಶ್ರಾವಣದಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ರಕ್ತ ನಿಲ್ಲದೆ ಸತ್ತಳು. ಅವಳನ್ನು ಉಳಿಸಬಹುದಾಗಿದ್ದ ಔಷಧ ಅದೇ ಆಸ್ಪತ್ರೆಯ ಫ್ರಿಜ್ಜಿನಲ್ಲಿತ್ತು. ನಿಮ್ಮ ಕಚೇರಿಯ ಕಾರ್ಡು ಇಲ್ಲವೆಂದು ಅದನ್ನು ಹೊರಗೆ ತೆಗೆಯಲಿಲ್ಲ. ಕಾರ್ಡು ಯಾಕಿರಲಿಲ್ಲವೆಂದು ನೀವು ಕೇಳಬಹುದು. ಅವಳು ಹೆಣ್ಣಾಗಿದ್ದಳು, ಅದಕ್ಕೆ.

ನಾನು ಕಮಲಾಪುರ–ಕಲಬುರಗಿ ಬಸ್ಸಿನ ಕಂಡಕ್ಟರ್. ಓದಿದ್ದು ಪಿಯುಸಿವರೆಗೆ. ಆದರೂ ನಿಮ್ಮ ಇಲಾಖೆಗೆ ಒಂದಿಷ್ಟು ವೈದ್ಯಶಾಸ್ತ್ರ ಹೇಳಿಕೊಡಬೇಕಾದ ಪಾಳಿ ನನ್ನದಾಗಿದೆ, ಕ್ಷಮಿಸಿ. ನಮ್ಮ ರಕ್ತನಾಳಗಳ ಒಳಪದರದ ಜೀವಕೋಶಗಳು ಒಂದು ಪ್ರೋಟೀನು ತಯಾರಿಸುತ್ತವೆ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂದು ಅದರ ಹೆಸರು. ನಾಳ ಹರಿದ ಜಾಗದಲ್ಲಿ ಅದು ಅಂಟಿನಂತೆ ಕೂತು ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಆಗಲೇ ರಕ್ತ ನಿಲ್ಲುವುದು. ನನ್ನ ಮಗಳ ಮೈಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಸೇಡಂ ರಸ್ತೆಯ ಒಬ್ಬ ಡಾಕ್ಟರಮ್ಮ ಅವಳ ರಕ್ತವನ್ನು ಬೆಂಗಳೂರಿಗೆ ಕಳಿಸಿ ಇದನ್ನು ಕಂಡುಹಿಡಿದರು. "ಇದು ಗಂಡಿಗೂ ಬರ್ತದ, ಹೆಣ್ಣಿಗೂ ಬರ್ತದ. ಹೆಣ್ಣಿಗಿ ಮಾತ್ರ ತಿಂಗಳಾ ತಿಂಗಳಾ ಜೀವಕ್ಕ ಬರ್ತದ," ಎಂದರು.

ಇದು ಗೊತ್ತಾಗುವುದಕ್ಕೆ ಏಳು ವರ್ಷ ಹಿಡಿಯಿತು. ಅದರಲ್ಲಿ ನಿಮ್ಮ ತಪ್ಪಿಲ್ಲ, ನನ್ನದಿದೆ. ಹನ್ನೆರಡನೇ ವಯಸ್ಸಿನಿಂದ ನನ್ನ ಮಗಳಿಗೆ ಪ್ರತಿ ತಿಂಗಳು ಹತ್ತು ಹನ್ನೆರಡು ದಿನ ಹಾಸಿಗೆ ನೆನೆಯುವಷ್ಟು ರಕ್ತ ಹೋಗುತ್ತಿತ್ತು. ಹೆಂಡತಿ ಅಂಬಮ್ಮ ಉಷ್ಣವೆಂದು ಕೊತ್ತಂಬರಿ ಬೀಜದ ನೀರು ಕುಡಿಸುತ್ತಿದ್ದಳು. ಆ ಮಾತು ಗಂಡಸರ ಕಿವಿಗೆ ಬೀಳಬಾರದೆಂಬುದು ನಮ್ಮ ಮನೆಯ ಮರ್ಯಾದೆ. ಹುಡುಗಿ ಯಾಕೆ ಬಿಳಿಚಿಕೊಂಡಿದ್ದಾಳೆಂದು ನಾನು ಕೇಳಿದರೆ, "ಸರಿಯಾಗಿ ಉಣ್ಣಂಗಿಲ್ಲ," ಎನ್ನುತ್ತಿದ್ದಳು ಅಂಬಮ್ಮ. ನಾನೂ ನಂಬಿ ಡ್ಯೂಟಿಗೆ ಹೋಗುತ್ತಿದ್ದೆ. ಅಂಬಮ್ಮ ನನ್ನ ಸ್ವಂತ ಅಕ್ಕನ ಮಗಳು. ಇಬ್ಬರ ರಕ್ತದಲ್ಲೂ ಅಡಗಿದ್ದ ಒಂದೇ ದೋಷ ಮಗಳಲ್ಲಿ ಕೂಡಿಕೊಂಡಿತು ಎಂದು ಡಾಕ್ಟರಮ್ಮ ತಿಳಿಸಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವತ್ತಿಗೂ ಸರಿಯಾಗಿ ನೋಡಿಲ್ಲ.

ಕಾರ್ಡು ಮಾಡಿಸಿದರೆ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆಂದು ಕೇಳಿ ನಿಮ್ಮ ಕಚೇರಿಗೆ ಬಂದೆವು. ನಿಮ್ಮ ಸಿಬ್ಬಂದಿ ರಿಪೋರ್ಟು ನೋಡಲೇ ಇಲ್ಲ.

"ಹೆಣ್ಮಕ್ಕಳಿಗಿ ಈ ರೋಗ ಬರಂಗಿಲ್ರಿ."

"ಬಂದದಲ್ರೀ ಸಾಹೇಬ್ರ, ಇಲ್ಲೇ ನಿಂತೀನಿ," ಎಂದಳು ಅಂಬಿಕಾ.

ಅರ್ಜಿಯಲ್ಲಿ ಲಿಂಗ ಎಂಬಲ್ಲಿ 'ಪುರುಷ' ಎಂದು ಮೊದಲೇ ಅಚ್ಚಾಗಿತ್ತು. ಅವಳು ನನ್ನ ಜೇಬಿನ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ 'ಸ್ತ್ರೀ' ಎಂದು ಬರೆದಳು. ಹದಿನೈದು ದಿನದ ಮೇಲೆ ಅರ್ಜಿ ವಾಪಸು ಬಂತು. ತಿದ್ದುಪಡಿ ಇರುವ ನಮೂನೆಯನ್ನು ಸ್ವೀಕರಿಸಲಾಗುವುದಿಲ್ಲ ಎಂದು ಷರಾ ಇತ್ತು. ಎಂಥ ದುಂಡಗಿನ ಅಕ್ಷರ! ಮತ್ತೆ ಮೂರು ಸಲ ಬಂದೆವು. ಒಮ್ಮೆ ನೀವು ಸಭೆಯಲ್ಲಿದ್ದಿರಿ, ಒಮ್ಮೆ ರಜೆಯಲ್ಲಿ, ಮೂರನೇ ಸಲ ಊಟಕ್ಕೆ ಹೋಗಿದ್ದಿರಿ. ನೀವು ಒಂದು ಸಲ ಅವಳನ್ನು ಕಣ್ಣಾರೆ ನೋಡಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ತಂದೆ. ರಕ್ತ ಏರಿಸಿದರು. ಏರಿಸಿದ್ದು ಏರಿಸಿದಂತೆ ಹರಿದುಹೋಯಿತು. ಔಷಧ ಕೊಡುವವರು, "ಕಾರ್ಡ್ ನಂಬರ್ ಇಲ್ದ ಹ್ಯಾಂಗ ಕೊಡ್ಲಿ, ನನ್ನ ನೌಕರಿ ಹೋಗ್ತದ," ಎಂದು ಕೈ ಮುಗಿದರು. ಆಗ ಮೋಮಿನಪುರದ ನೂರಜಹಾನ್ ನೆನಪಾದರು. ನಿಮ್ಮ ಕಚೇರಿಯ ಬೆಂಚಿನ ಮೇಲೆ ಪರಿಚಯವಾದ ತಾಯಿ. ಅವರ ಮಗನಿಗೆ ಹಿಮೋಫೀಲಿಯಾ, ಹೆಚ್ಚಾಗಿ ಗಂಡುಮಕ್ಕಳಿಗೇ ಬರುವ ರಕ್ತ ನಿಲ್ಲದ ರೋಗ. ಅವನಿಗೆ ಕೊಡುವ ಶೀಷೆಯಲ್ಲಿ ನಮ್ಮ ಮಗಳಿಗೆ ಬೇಕಾದ ಪ್ರೋಟೀನೂ ಇರುತ್ತದೆಂದು ಡಾಕ್ಟರಮ್ಮ ಹೇಳಿದ್ದರು. ಫೋನು ಮಾಡಿದೆ. ಆ ತಾಯಿ ಸ್ಟೀಲ್ ಡಬ್ಬಿಯಲ್ಲಿ ಬರ್ಫ್ ತುಂಬಿ, ಮಗನಿಗೆಂದು ಮನೆಯಲ್ಲಿಟ್ಟಿದ್ದ ಎರಡು ಶೀಷೆ ಇಟ್ಟುಕೊಂಡು ಆಟೋದಲ್ಲಿ ಓಡಿ ಬಂದರು.

"ತಗೋರಿ ಭಾಯಿ. ನನ್ನ ಮಗ ಈಗ ಚಲೋ ಅದಾನ. ನಾಳಿದು ಅಲ್ಲಾ ನೋಡ್ಕೋತಾನ."

ಡ್ಯೂಟಿಯಲ್ಲಿದ್ದವರು ಶೀಷೆ ತಿರುಗಿಸಿ ನೋಡಿ, ಬೇರೆ ರೋಗಿಯ ಹೆಸರಿನದು ಹಾಕಲು ಬರುವುದಿಲ್ಲ, ಮೇಲಿನವರನ್ನು ಕೇಳಬೇಕು ಎಂದರು. ನೂರಜಹಾನ್ ಮೇಜಿಗೆ ಕೈ ಬಡಿದು, "ಛೋಕರಿ ಮರ್ ರಹೀ ಹೈ ಸಾಬ್, ಹುಡುಗಿ ಸಾಯ್ಲಿಕತ್ಯಾಳ, ಯಾರನ್ನ ಕೇಳ್ತೀರಿ?" ಎಂದು ಕೂಗಿದರು. ಮೇಲಿನವರೆಂದರೆ ನೀವು. ನಿಮ್ಮ ಫೋನು ಎರಡು ಗಂಟೆ ಸುಮ್ಮನೆ ಬಡಿದುಕೊಂಡಿತು. ಅಂಬಿಕಾ ನನ್ನ ಅಂಗಿಯ ತೋಳು ಹಿಡಿದು, "ಅಪ್ಪಾ, ಚಾದರ ಹೊಲಸಾಗ್ಯದ, ಸಿಸ್ಟರ್ ಬೈತಾರೇನು?" ಎಂದು ಕೇಳಿದಳು. ಅದೇ ಅವಳ ಕೊನೆಯ ಮಾತು. ಮೂರೂ ಇಪ್ಪತ್ತಕ್ಕೆ ಹೋದಳು. ಡಬ್ಬಿಯಲ್ಲಿ ಬರ್ಫ್ ಇನ್ನೂ ಪೂರ್ತಿ ಕರಗಿರಲಿಲ್ಲ.

ಮಾನ್ಯರೇ, ಈಗ ನನ್ನ ಬಸ್ಸಿನಲ್ಲಿ ಏನಾಗುತ್ತದೆಂದು ಹೇಳುತ್ತೇನೆ. ಕಪನೂರ ಸ್ಟಾಪಿನಲ್ಲಿ ಹಾಡುಹಗಲೇ ಅವಳು ಹತ್ತುತ್ತಾಳೆ. ದುಪಟ್ಟಾವನ್ನು ಸೊಂಟಕ್ಕೆ ಸುತ್ತಿಕೊಂಡು, ಸೀಟು ಖಾಲಿಯಿದ್ದರೂ ಕಲೆಯಾದೀತೆಂದು ಕೂರದೆ ಕಂಬ ಹಿಡಿದು ನಿಲ್ಲುತ್ತಾಳೆ. ಹತ್ತಿರ ಹೋದರೆ ಯಾರದೋ ಮಗಳು, ಕಾರ್ಖಾನೆಗೆ ಹೋಗಿ ಬಂದವಳು. ಇಪ್ಪತ್ತೆರಡು ವರ್ಷ ಟಿಕೆಟ್ ಹರಿದಿದ್ದೇನೆ. ಹುಡುಗಿಯರು ಯಾಕೆ ಹಾಗೆ ನಿಲ್ಲುತ್ತಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಅವರಲ್ಲಿ ಯಾರನ್ನು ನೋಡಿದರೂ ನನಗೆ ಊರ ಹೆಸರು ಕೂಗಲಾಗುವುದಿಲ್ಲ.

ಮರಣದ ಕಾರಣವೆಂದು ದಾಖಲೆಯಲ್ಲಿ 'ತೀವ್ರ ರಕ್ತಹೀನತೆ' ಎಂದಿದೆ. ನದಿ ಬತ್ತಿದ್ದಕ್ಕೆ ನೀರಿನ ಕೊರತೆ ಕಾರಣ ಎಂದಂತಾಯಿತು. ಅವಳ ರೋಗದ ನಿಜವಾದ ಹೆಸರನ್ನು ಅಲ್ಲಿ ಬರೆಸಿಕೊಡಿ. ನಿಮ್ಮ ನಮೂನೆಯಿಂದ ಆ ಅಚ್ಚಾದ ಪದವನ್ನು ತೆಗೆಯಿರಿ. ಕಾರ್ಡು ಬರುವವರೆಗೆ ಡಾಕ್ಟರರ ರಿಪೋರ್ಟೇ ಸಾಕೆಂದು ಆಸ್ಪತ್ರೆಗೆ ಒಂದು ಸಾಲು ಬರೆಯಿರಿ. ಒಂದೇ ಸಾಲು.

ಇದು ಸತ್ತವಳಿಗಾಗಿ ಮಾತ್ರ ಕೇಳುತ್ತಿರುವುದಲ್ಲ. ನನ್ನ ಕಿರಿಯ ಮಗಳು ಸೌಂದರ್ಯಾಳಿಗೆ ಹದಿಮೂರು. ಅಕ್ಕ ಹೋದ ಮೇಲೆ ಅವಳನ್ನೂ ಪರೀಕ್ಷೆ ಮಾಡಿಸಿದೆವು. ಅದೇ ರೋಗ. ಅವಳ ಅರ್ಜಿ ಐದು ತಿಂಗಳಿಂದ ನಿಮ್ಮ ಮೇಜಿನ ಮೇಲಿದೆ. ಮೊನ್ನೆ ಶಾಲೆಯಿಂದ ಬಂದವಳು ತಾಯಿಯ ಹತ್ತಿರ ಹೋಗಲಿಲ್ಲ. ಸೀದಾ ನನ್ನ ಮುಂದೆ ಬಂದು ನಿಂತು, "ಅಪ್ಪಾ, ನಂಗ ಶುರು ಆಗ್ಯದ," ಎಂದಳು. ಈ ಪತ್ರದಲ್ಲಿ ನಿನ್ನ ಹೆಸರು ಬರೆಯಲೇನು ಎಂದು ಕೇಳಿದೆ. "ಬರಿ," ಎಂದಳು.

ಇಂದು ಮೂರನೇ ದಿನ. ಇನ್ನೂ ನಿಂತಿಲ್ಲ.

ಇಂತಿ,
ಒಬ್ಬಳನ್ನು ಮಣ್ಣು ಮಾಡಿ, ಇನ್ನೊಬ್ಬಳ ಕೈ ಹಿಡಿದು ನಿಮ್ಮ ಬಾಗಿಲಿಗೆ ಹೊರಟಿರುವ
ಕಲ್ಯಾಣಪ್ಪ, ಕಂಡಕ್ಟರ್
ಕಮಲಾಪುರ