ಆಯಿಯ ಅಣುಗಳು

ಶಿರಸಿ
14-12-2009

ಪ್ರೀತಿಯ ನಮಿತಾ,

ನಿನ್ನ ದೀಪಾವಳಿ ಕಾಗದಕ್ಕೆ ಈಗ ಉತ್ತರ ಬರೀತಿದ್ದೇನೆ, ಬೈಯಬೇಡ. ಪುಣೆಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ನಾವು ಕ್ಷೇಮ ಅಂತ ಬರೆಯಲು ಕೈ ಬರ್ತಿಲ್ಲ. ನನ್ನಿಂದ ಒಂದು ಅನಾಹುತ ಆಗಿದೆ.

ನನ್ನ ಹತ್ತನೇ ಕ್ಲಾಸಿನ ಅಭಿಜ್ಞಾಳ ತಾಯಿ ಹೋದ ವರ್ಷ ತೀರಿಕೊಂಡರು. ಆಗ ನಾನು ಅವಳನ್ನು ತಬ್ಬಿಕೊಂಡು, "ಅಣು ಎಲ್ಲೂ ಹೋಗ್ತಿಲ್ಲೆ ಮಗಾ, ನಿನ್ನ ಆಯಿ ಈ ಗಾಳಿ, ಮಣ್ಣಲ್ಲೇ ಇದ್ದು" ಎಂದಿದ್ದೆ. ಅದನ್ನೇ ಹಿಡಿದುಕೊಂಡು ಹುಡುಗಿ ಚೇತರಿಸಿಕೊಂಡಿದ್ದಳು.

ಮೊನ್ನೆ ಬುಧವಾರ ಪಾಠ ಮುಗಿದು ಸಮಯ ಉಳಿದಿತ್ತು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಲೇ ಹೋದರೆ ಎರಡು ಸಾವಿರ ಕೋಟಿ ವರ್ಷದ ಮೇಲೆ ನಕ್ಷತ್ರ, ಭೂಮಿ, ಕೊನೆಗೆ ಅಣುವೂ ಹರಿದುಹೋಗಬಹುದು ಎಂಬ ಊಹೆ ಇದೆ ಅಂತ ಉತ್ಸಾಹದಲ್ಲಿ ಹೇಳಿಬಿಟ್ಟೆ. ಮರುದಿನದಿಂದ ಅಭಿಜ್ಞಾ ಶಾಲೆಗೆ ಬರಲಿಲ್ಲ.

ನಿನ್ನೆ ವಾನಳ್ಳಿಗೆ, ಅವರ ಮನೆಗೆ ಹೋದೆ. "ಮೂರು ದಿನಾತು, ಉಣ್ತಿಲ್ಲೆ" ಎಂದರು ಅವಳಪ್ಪ ಸೀತಾರಾಮ ಹೆಗಡೆಯವರು. ಹುಡುಗಿ ತಾಯಿಯ ಬಾಚಣಿಗೆಯನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿ, ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

"ಅಕ್ಕೋರೆ, ಅದನ್ನ ತಡೆಯಲೆ ಎಂತದೂ ಇಲ್ಯಾ?"

ನಿನ್ನ ಸಂಶೋಧನೆ ನೆನಪಾಯಿತು. ಆಕಾಶವೇ ಸಣ್ಣ ಸಣ್ಣ ಕಣಗಳಿಂದ ಆಗಿದೆ, ವಿಶ್ವವನ್ನು ಹಿಗ್ಗಿಸುವ ಶಕ್ತಿಯ ಸಾಂದ್ರತೆ ಏರುತ್ತಾ ಒಂದು ಮಿತಿ ಮುಟ್ಟಿದಾಗ ಹಿಗ್ಗುವುದು ನಿಂತು ವಿಶ್ವ ಹಿಂದಕ್ಕೆ ತಿರುಗಬಹುದು ಅಂತ ಬರೆದಿದ್ದೆಯಲ್ಲ, ಆ ಕ್ವಾಂಟಂ ಗುರುತ್ವ? ಅದನ್ನೇ ಹೇಳಿದೆ.

"ಸಾಬೀತು ಆಜಾ?" ಎಂದಳು.

"ಆಜು" ಎಂದೆ. ಸಾಬೀತಾಗಿಲ್ಲ ಅಂತ ಗೊತ್ತಿದ್ದೂ ಸುಳ್ಳು ಹೇಳಿದೆ. ಎರಡು ತುತ್ತು ಉಂಡಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಇನ್ನೊಂದು ಹೊಳೆಯಿತು. ಆ ಮಿತಿ ಮುಟ್ಟುವುದಕ್ಕೆ ಎಷ್ಟೋ ಮೊದಲೇ ಅಣುಗಳು ಹರಿದಿರ್ತವಲ್ಲ ನಮಿತಾ? ವಿಶ್ವ ಉಳಿದರೂ ಅವು ಉಳಿಯೋದಿಲ್ಲ, ಅಲ್ಲವಾ? ಚುರುಕು ಹುಡುಗಿ, ಅವಳಿಗೂ ಇದು ಹೊಳೆಯುತ್ತದೆ. ಇವತ್ತು ಕ್ಲಾಸಿಗೆ ಬಂದಿದ್ದಳು. ಏನೋ ಕೇಳಲು ಕೈ ಎತ್ತಿದಳು. ನಾನು ಕಾಣದವಳಂತೆ ಬೋರ್ಡಿಗೆ ತಿರುಗಿಬಿಟ್ಟೆ.

ಬೇಗ ಬರೆ. ನಿನ್ನ ಮಕ್ಕಳು ಎಲ್ಲಿದ್ದರೂ ತಣ್ಣಗಿರಲಿ.

ನಿನ್ನ
ಪರಿಮಳಾ

ತಾ.ಕ.: ಅಣು ಎಲ್ಲೂ ಹೋಗೋದಿಲ್ಲ ಅನ್ನೋ ಮಾತು ನನ್ನದಲ್ಲ. ನನ್ನ ಮಗ ತುಷಾರ ಹೊಳೆಯ ಪಾಲಾದ ದಿನ ನೀನೇ ನನಗೆ ಹೇಳಿದ್ದು. ಆರು ವರ್ಷದಿಂದ ಅದರ ಮೇಲೇ ಬದುಕಿದ್ದೇನೆ, ನಿನಗೆ ಹೇಳಿರಲಿಲ್ಲ. ಹುಡುಗಿಗೆ ನಿಜವನ್ನೇ ಬರೆ, ನಾನೇ ಓದಿ ಹೇಳ್ತೇನೆ. ನನಗೆ ಬೇರೆ ಹಾಳೆಯಲ್ಲಿ ಏನಾದರೂ ಬರೆ. ಸುಳ್ಳಾದರೂ ಅಡ್ಡಿಯಿಲ್ಲೆ.